ನೆಗಡಿ, ಕಸಬರಿಗೆ, ಸುಡುಬಿಸಿಲು

ಹಿಂದೂಪುರ
12-3-1986

ರಂಗಲಕ್ಷ್ಮಕ್ಕನಿಗೆ ಗಂಗಾದೇವಿ ಮಾಡುವ ನಮಸ್ಕಾರಗಳು.

ನಮಸ್ಕಾರ ಅಂತ ಬರೆದ ಮೇಲೆ ನನಗೇ ನಗು ಬಂತು. ಆರು ವರ್ಷದಿಂದ ದಿನಾ ನಿನ್ನ ಜೊತೆ ಟ್ರಂಕ್ ಲೈನಿನಲ್ಲಿ ಮಾತಾಡಿದ್ದೇನೆ, ಒಂದು ಸಲವೂ ನಮಸ್ಕಾರ ಹೇಳಿಲ್ಲ. "ಹಲೋ ಕಲ್ಯಾಣದುರ್ಗ" ಅಂತ ನಾನು, "ಏಳಮ್ಮ ಹಿಂದೂಪುರ" ಅಂತ ನೀನು. ಅಲ್ಲಿಂದ ನೇರವಾಗಿ ಸಾರು, ಸೊಂಟ, ಸೆಖೆ.

ಇಷ್ಟು ದಿನ ಇಲ್ಲದ ಕಾಗದ ಈಗ ಯಾಕೆ ಅಂತೀಯಾ? ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿಗೆ ಅಮರೇಶಪ್ಪ ಅಂತ ಹೊಸ ಸೂಪರ್‌ವೈಸರ್ ಬಂದಿದ್ದಾರೆ. ಬಂದ ಮೂರನೇ ದಿನಕ್ಕೆ ನೋಟೀಸು ಅಂಟಿಸಿದರು: "ಆಪರೇಟರುಗಳು ಲೈನಿನಲ್ಲಿ ಹವಾಮಾನ, ಆರೋಗ್ಯ, ಮನೆಗೆಲಸ ಮೊದಲಾದ ಸ್ವಂತ ಮಾತು ಆಡಬಾರದು. ಆಡಿದರೆ ಮೆಮೊ." ಆ ಮೂರನ್ನೂ ಹೆಸರು ಹಿಡಿದು ಬರೆದಿದ್ದಾರೆ ನೋಡು! ಅಂದರೆ ಆ ಪುಣ್ಯಾತ್ಮ ಎರಡು ದಿನ ನಮ್ಮಿಬ್ಬರನ್ನೇ ಕದ್ದು ಕೇಳಿದ್ದಾರೆ. ಅವರ ಕುರ್ಚಿ ನನ್ನ ಬೆನ್ನಿಗೇ ಇದೆ. ಇನ್ನು ಮೇಲೆ ನಂಬರು ಕೇಳುವುದು, ಕೊಡುವುದು, ಅಷ್ಟೇ. ನಿನಗೆ ಸಿಟ್ಟು ಬಂದರೂ ನನ್ನ ಮೇಲೆ ಬೇಡ.

ಸುತ್ತ ಮುತ್ತ ಎಲ್ಲ ತೆಲುಗು. ಆ ಸ್ವಿಚ್‌ಬೋರ್ಡಿನ ಮುಂದೆ ದಿನಕ್ಕೆ ನೂರು ಸಲ "ಚೆಪ್ಪಂಡಿ" ಅಂತೀನಿ. ಅದರ ಮಧ್ಯೆ ನಿನ್ನ ಕನ್ನಡ ಕೇಳಿದರೆ ತವರಿನ ಬಾಗಿಲು ತೆಗೆದ ಹಾಗೆ ಇರುತ್ತಿತ್ತು. ಅದನ್ನು ಕಳಕೊಳ್ಳಲು ನನಗೆ ಮನಸ್ಸಿಲ್ಲ. ಅದಕ್ಕೇ ಹತ್ತು ಇನ್‌ಲ್ಯಾಂಡ್ ಕಾಗದ ತಂದಿಟ್ಟುಕೊಂಡಿದ್ದೇನೆ.

ಇಲ್ಲಿ ಹುಣಸೇಹಣ್ಣಿನ ಕಾಲ. ಮಾರ್ಕೆಟ್ ಬೀದಿಯಲ್ಲಿ ನಡೆದು ಬಂದರೆ ಬಾಯಲ್ಲಿ ನೀರು, ಸೀರೆಗೆಲ್ಲ ಅಂಟು. ನಮ್ಮತ್ತೆ ಬನಶಂಕರಮ್ಮ ಈ ಸಲ ಜಗಲಿ ತುಂಬ ಹಣ್ಣು ಹರಡಿಕೊಂಡು ಬೀಜ ಕುಟ್ಟುತ್ತಾ ಕೂತಿದ್ದಾರೆ. ಯಾರು ಮಾತಾಡಿಸಲು ಬಂದರೂ ಅವರ ಕೈಗೊಂದು ಸುತ್ತಿಗೆ. ನಮ್ಮ ಯಜಮಾನರು ಆದಿನಾರಾಯಣ ಮಗ್ಗದ ಗುಂಡಿ ಬಿಟ್ಟು ಮೇಲೆ ಬರುವುದೇ ಇಲ್ಲ. ಬಂದರೆ ಸುತ್ತಿಗೆ ಸಿಗುತ್ತದಲ್ಲ!

ಇನ್ನೊಂದು ಮಾತು. ನೀನು ನೋಡಲು ಹೇಗಿದ್ದೀಯ? ದನಿ ಕೇಳಿದರೆ ಆರಡಿ ಎತ್ತರ ಇರಬೇಕು ಅನ್ನಿಸುತ್ತದೆ. ಬರೆ.

ನಿನ್ನ
ಗಂಗಾ


ಕಲ್ಯಾಣದುರ್ಗ
24-3-1986

ಗಂಗಾ,

ಆರಡಿ ಅಂತೆ ಆರಡಿ! ನಾಲ್ಕಡಿ ಹತ್ತಂಗುಲ ಕಣಮ್ಮ ನಾನು. ಬೋರ್ಡಿನ ಮೇಲಿನ ಸಾಲಿಗೆ ಕೈ ಎಟುಕುವುದಿಲ್ಲ ಅಂತ ಕುರ್ಚಿಗೆ ಹಳೇ ಡೈರೆಕ್ಟರಿ ಎರಡು ಹಾಕಿಕೊಂಡು ಕೂರುತ್ತೇನೆ. ನಮ್ಮ ಮನೆಯವರು ಆಂಜಿನಪ್ಪ ಇದ್ದಾರಲ್ಲ, ಅವರು ಹೇಳುವುದು, "ದೇವ್ರು ನಿಂಗೆ ಮೈ ಕೊಡೋವಾಗ ಜಿಪುಣ ಆದ, ಗಂಟ್ಲು ಕೊಡೋವಾಗ ದಾನಶೂರ ಆಗ್ಬುಟ್ಟ" ಅಂತ.

ಇಲ್ಲಿ ಗಾಳಿ. ನಮ್ಮೂರಿನ ಗಾಳಿ ನಿನಗೆ ಗೊತ್ತಿಲ್ಲ. ಒಗೆದ ಬಟ್ಟೆಗೆ ಕಲ್ಲು ಕಟ್ಟಿ ಒಣಹಾಕಬೇಕು. ಮೊನ್ನೆ ನಾದಿನಿ ಈರಕ್ಕನ ಹೊಸ ಸೀರೆ ಹಾರಿ ಹೋಗಿ ಶೇರ್ ಜೀಪಿನ ಟಾಪಿನ ಮೇಲೆ ಕೂತು ರಾಯದುರ್ಗದ ರಸ್ತೆ ಹಿಡಿಯಿತು. ಇವಳು ಹಿಂದೆ ಓಡಿದಳು. ಡ್ರೈವರು ಇವಳೂ ಹತ್ತಲು ಬಂದವಳು ಅಂತ ನಿಲ್ಲಿಸಿದ್ದಕ್ಕೆ ಸೀರೆ ಸಿಕ್ಕಿತು.

ನೀರು ಎರಡು ದಿನಕ್ಕೊಂದು ಸಲ. ಸಾಯಂಕಾಲ ಎಲ್ಲರೂ ಬಿತ್ತನೆಗೆ ಕಡಲೆಕಾಯಿ ಸುಲಿಯಲು ಕೂರುತ್ತೇವೆ. ಹೆಬ್ಬೆರಳಿನ ಉಗುರು ಸವೆದು ಹೋಗಿದೆ. ಉಳಿದಂತೆ ನನಗೇನೂ ಇಲ್ಲ, ಕಲ್ಲುಗುಂಡಿನ ಹಾಗಿದ್ದೇನೆ.

ನಿಮ್ಮ ಅಮರೇಶಪ್ಪನವರ ನೋಟೀಸು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಬಿಡು. ಲೈನಿನಲ್ಲಿ ಇನ್ನು ಮಾತು ಬೇಡ. ಕಾಗದವಾದರೆ ನಿಧಾನವಾಗಿ ಎರಡು ಸಲ ಓದಬಹುದು.

ಕಾರ್ಡು ಮಾತ್ರ ಬರೆಯಬೇಡ. ಪೋಸ್ಟ್‌ಮ್ಯಾನ್ ರಾಮಲಿಂಗಯ್ಯ ದಾರಿಯಲ್ಲೇ ಓದಿಕೊಂಡು ಬಂದು, ನನ್ನ ಕೈಗೆ ಕೊಡುವ ಮೊದಲು ಉತ್ತರ ಏನು ಬರೆಯಬೇಕು ಅಂತಲೂ ಹೇಳಿಬಿಡುತ್ತಾರೆ.

ರಂಗಲಕ್ಷ್ಮಮ್ಮ


ಹಿಂದೂಪುರ
9-6-1986

ರಂಗಲಕ್ಷ್ಮಮ್ಮನವರಿಗೆ,

ಅಕ್ಕ ಅಂತ ಬರೆಯಲು ಇವತ್ತು ಕೈ ಬರಲಿಲ್ಲ, ಕ್ಷಮಿಸಿ.

ಎರಡೂವರೆ ತಿಂಗಳಿಂದ ನೋಡುತ್ತಿದ್ದೇನೆ. ನಾನು ನಂಬರು ಕೇಳಿದರೆ "ಆಂ?" ಅಂತೀರಿ. ಮತ್ತೆ ಹೇಳಿದರೆ ಮತ್ತೆ "ಆಂ?" ಯಾರೋ ಗುರುತಿಲ್ಲದವರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವ ಹಾಗೆ. ನೋಟೀಸು ಒಳ್ಳೆಯದಾಯಿತು, ಲೈನಿನಲ್ಲಿ ಇನ್ನು ಮಾತು ಬೇಡ ಅಂತ ನೀವೇ ಬರೆದಿದ್ದಿರಿ. ಆಗ ತಮಾಷೆ ಅಂದುಕೊಂಡಿದ್ದೆ. ಈಗ ಅರ್ಥವಾಗುತ್ತಿದೆ.

ಹೋದ ಬುಧವಾರ ಅಮರೇಶಪ್ಪ ಊಟಕ್ಕೆ ಹೋಗಿದ್ದರು. ನನಗೆ ತಡೆಯಲಾಗಲಿಲ್ಲ. ಮೆಮೊ ಬಂದರೆ ಬರಲಿ ಅಂತ ಪ್ಲಗ್ ಚುಚ್ಚಿ, "ಏಳಕ್ಕ, ಏಳು! ಎಂಗಿದ್ದೀಯಾ ಏಳು!" ಅಂದೆ. ನೀವೇನು ಮಾಡಿದಿರಿ? ಒಂದು ಮಾತಿಲ್ಲದೆ ನಿಮ್ಮ ಏಳನೇ ನಂಬರಿಗೆ, ಕದಿರಪ್ಪನವರ ಕಡಲೆಕಾಯಿ ಮಿಲ್ಲಿಗೆ ಜೋಡಿಸಿಬಿಟ್ಟಿರಿ. ನಾನು ಇನ್ನೂ "ಏಳಕ್ಕ" ಅಂತಲೇ ಇದ್ದೇನೆ, ಆ ಕಡೆಯಿಂದ ಗಂಡಸಿನ ದನಿ, "ಏಮ್ಮಾ, ಎನ್ನಿ ಮೂಟಲು ಕಾವಾಲ?" ಎಷ್ಟು ಮೂಟೆ ಬೇಕು ಅಂತ! ಪಕ್ಕದ ಸೀಟಿನವಳು ನಕ್ಕು ನಕ್ಕು ಹೆಡ್‌ಸೆಟ್ಟು ಕಿತ್ತಿಟ್ಟಳು. ನನಗೆ ಅಳು ಬಂತು.

ನಾವು ಹೇಳು ಅನ್ನುವುದನ್ನು ಏಳು ಅಂತೀವಿ, ನಿಜ. ನೀವೂ ಹಾಗೇ ಅನ್ನುವವರು. ಅದನ್ನೇ ಹಿಡಿದು ನನ್ನ ಆಡಿಕೊಂಡಿರಲ್ಲ! ಸಂಗ ಬೇಡವಾಗಿದ್ದರೆ ಬೇಡ ಅಂತ ಬರೆಯಬಹುದಿತ್ತು.

ಇಲ್ಲಿ ಎಲ್ಲರೂ ಕ್ಷೇಮ.

ಗಂಗಾದೇವಿ


ಕಲ್ಯಾಣದುರ್ಗ
14-7-1986

ಗಂಗಾ,

ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ನಾಲ್ಕು ಸಲ ಬರೆದು ಹರಿದೆ. ಐದನೆಯದು ಇದು.

ನಾನು ನಿನ್ನನ್ನು ಆಡಿಕೊಳ್ಳಲಿಲ್ಲ ಕಣೆ. ನೀನು ಏಳು ಅಂದದ್ದು ನಂಬರು ಅಂತಲೇ ತಿಳಿದು ಹಾಕಿದೆ. ಆ ಕಡೆ ಇರುವುದು ನೀನು ಅಂತಲೂ ನನಗೆ ತಿಳಿಯಲಿಲ್ಲ. ನನಗೆ ಕಿವಿ ಹೋಗುತ್ತಿದೆ.

ಹೋದ ವರ್ಷ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಭಾರೀ ಸಿಡಿಲು. ಲೈನು ಎತ್ತಬಾರದಿತ್ತು, ಯಾರೋ ಅರ್ಜೆಂಟು ಅಂತ ಗೋಗರೆದರು, ಎತ್ತಿದೆ. ಬಲಗಿವಿಯಲ್ಲಿ ಪಟಾರ್ ಅಂತು. ಅಲ್ಲಿಂದ ಆ ಕಿವಿ ಮುಚ್ಚಿದ ಬಾಗಿಲು. ಹೆಡ್‌ಸೆಟ್ಟು ಎಡಕ್ಕೆ ಹಾಕಿಕೊಂಡೆ. ಶಿವರಾತ್ರಿಯಿಂದೀಚೆಗೆ ಎಡದ್ದೂ ಮಂದವಾಗುತ್ತಿದೆ. ಅನಂತಪುರದ ಡಾಕ್ಟರು ನರದ್ದು ಅಂದರು. ಔಷಧಿ ಇಲ್ಲವಂತೆ.

ಊರಿನ ಲೈನುಗಳು ಪರವಾಗಿಲ್ಲ, ದನಿ ಗಟ್ಟಿ, ಯಾರು ಯಾರಿಗೆ ಮಾಡುತ್ತಾರೆ ಅಂತಲೂ ಗೊತ್ತು. ಅನಂತಪುರದವರು ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಹಿಂದೂಪುರದ ಲೈನೇ ನೂಲಿನ ಎಳೆಯ ಹಾಗೆ. ಅದರಲ್ಲಿ ಫೈವ್ ಯಾವುದು, ನೈನ್ ಯಾವುದು, ಹೇಳು ಅನ್ನುವ ಏಳು ಯಾವುದು, ತೆಲುಗಿನ ನಂಬರು ಏಡು ಯಾವುದು, ನನಗೆ ಎಲ್ಲ ಒಂದೇ. ಮಾತು ಬೇಡ ಅಂತ ಬರೆದದ್ದು ಅದಕ್ಕೆ. ನೀನು ಕೇಳಿದ್ದಕ್ಕೆಲ್ಲ ಅಡ್ಡದಿಡ್ಡಿ ಉತ್ತರ ಕೊಟ್ಟು ಸಿಕ್ಕಿಬೀಳುತ್ತೇನೆ ಅಂತ ಹೆದರಿದೆ.

ಈ ವಿಷಯ ಆಫೀಸಿಗೆ ಗೊತ್ತಾದರೆ ಮೆಡಿಕಲ್ಲಿಗೆ ಕಳಿಸುತ್ತಾರೆ. ಕಿವಿ ಕೇಳದ ಆಪರೇಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ಹದಿನಾಲ್ಕು ವರ್ಷ ಆಯಿತು ಆ ಕುರ್ಚಿಯಲ್ಲಿ ಕೂತು. ನಮ್ಮ ಇಡೀ ವಂಶದಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದವಳು ನಾನೊಬ್ಬಳೇ ಗಂಗಾ. ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮಪ್ಪ ಹೊಲದಿಂದ ಹಾಗೇ ಮಣ್ಣು ಕಾಲಲ್ಲಿ ಬಂದು ನನ್ನ ಕೈ ಹಿಡಿದುಕೊಂಡು ಅತ್ತಿದ್ದರು. ಆ ಕುರ್ಚಿ ಬಿಟ್ಟು ಇಳಿ ಅಂದರೆ ನನಗೆ ಉಸಿರು ನಿಂತ ಹಾಗಾಗುತ್ತದೆ.

ಮನೆಯವರಿಗೆ ಗೊತ್ತು. ಇನ್ನು ನಿನಗೆ. ಬಾಯಿ ಬಿಡಬೇಡ.

ನಿನ್ನ ಅಕ್ಕ
ರಂಗಲಕ್ಷ್ಮಮ್ಮ


ಹಿಂದೂಪುರ
18-7-1986

ಅಕ್ಕಾ,

ನನ್ನ ಬಾಯಿಗೆ ಮಣ್ಣು ಹಾಕ! ಏನೆಲ್ಲ ಬರೆದೆ ನಾನು. ಆ ಕಾಗದ ಸುಟ್ಟುಬಿಡು. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅತ್ತೆ ಬಂದು "ಈರುಳ್ಳಿ ಎಲ್ಲೇ?" ಅಂದರು. ಈರುಳ್ಳಿ ಹೆಚ್ಚದೇ ಕಣ್ಣೀರು ಯಾಕೆ ಅಂತ ಅವರ ಅರ್ಥ. ಶೀತ ಅಂದೆ. ಮೆಣಸಿನ ಕಷಾಯ ಕುಡಿಸಿದರು, ಅದಕ್ಕೆ ಇನ್ನಷ್ಟು ಕಣ್ಣೀರು.

ಈಗ ಕೇಳು. ನಂಬರು ಚಿಕ್ಕ ಮಾತು, ಅದಕ್ಕೇ ನಿನಗೆ ಸಿಗುವುದಿಲ್ಲ. ನಂಬರಿನ ಬದಲು ಮನೆಮಾತು ಇಟ್ಟುಕೊಂಡರೆ? ನಿಮ್ಮೂರಿನ ನಂಬರು ಎಲ್ಲ ಒಂದಂಕಿ, ಎರಡಂಕಿ ತಾನೆ. ಒಂದಕ್ಕೆ ಒಲೆ, ಎರಡಕ್ಕೆ ಎಲೆ, ಮೂರಕ್ಕೆ ಮಳೆ, ನಾಲ್ಕಕ್ಕೆ ಕೊಳೆ, ಐದಕ್ಕೆ ತಲೆ, ಆರಕ್ಕೆ ಬಳೆ, ಏಳಕ್ಕೆ ಬಲೆ, ಎಂಟಕ್ಕೆ ಹೊಳೆ, ಒಂಬತ್ತಕ್ಕೆ ಸೆಲೆ, ಸೊನ್ನೆಗೆ ನೆಲೆ. ಇಡೀ ರಾತ್ರಿ ಕೂತು ಹೊಂದಿಸಿದೆ. ಹೇಗಿದೆ?

ಗಂಗಾ


ಕಲ್ಯಾಣದುರ್ಗ
25-7-1986

ಗಂಗಾ,

ಹೇಗಿದೆ ಅಂತ ಬೇರೆ ಕೇಳುತ್ತೀಯಲ್ಲ! ಕಿವುಡಿಗೆ ಪ್ರಾಸ ಕಟ್ಟಿ ಕಳಿಸಿದ್ದೀಯ. ಒಲೆ, ಎಲೆ, ಮಳೆ, ಕೊಳೆ. ನನ್ನ ಕಿವಿಗೆ ಇವೆಲ್ಲ "ಲೆ ಲೆ ಲೆ". ನಮ್ಮ ಮನೆಯವರಿಗೆ ಓದಿ ಹೇಳಿದೆ, ಊಟದ ತಟ್ಟೆ ಮುಂದೆ ಕೂತು ಬಿದ್ದು ಬಿದ್ದು ನಕ್ಕರು. "ದಪ್ಪ ದಪ್ಪ ಮಾತು ಬೇಕು ಕಣಮ್ಮ, ಉಂಡೆ ಥರ. ಒಂದೊಂದೂ ಬೇರೆ ಸೈಜು ಇರ್ಬೇಕು" ಅಂದರು. ಅವರೂ ಈರಕ್ಕನೂ ಕೊಟ್ಟಿಗೆಯಲ್ಲಿ ನಿಂತು ಕೂಗಿದರು, ನಾನು ಪಡಸಾಲೆಯಲ್ಲಿ ಬೆನ್ನು ಮಾಡಿ ಕೂತು ಕೇಳಿದೆ. ಯಾವುದು ಚೆನ್ನಾಗಿ ಸಿಕ್ಕಿತೋ ಅದನ್ನು ಬರೆದುಕೊಂಡೆವು. ಸಿಕ್ಕದ್ದನ್ನು ಬಿಟ್ಟೆವು. ಪಕ್ಕದ ಮನೆಯವರು ಗಂಡ ಹೆಂಡತಿ ಜಗಳ ಅಂತ ಬಿಡಿಸಲು ಬಂದರು.

ಒಂದು ಒನಕೆ, ಎರಡು ಮಳೆಗಾಲ, ಮೂರು ಬೆನ್ನುನೋವು, ನಾಲ್ಕು ಹುಳಿಸಾರು, ಐದು ನೆಗಡಿ, ಆರು ಬಟ್ಟೆ ಒಗೆತ, ಏಳು ಕಸಬರಿಗೆ, ಎಂಟು ಉದ್ದಿನವಡೆ, ಒಂಬತ್ತು ಸುಡುಬಿಸಿಲು, ಸೊನ್ನೆ ಬಿಂದಿಗೆ. ಬಾಯಿಪಾಠ ಮಾಡು. ಆಗಸ್ಟ್ ಒಂದರಿಂದ ಶುರು.

ನನ್ನ ಎದೆ ಒಂದಿಷ್ಟು ಹಗುರಾಯಿತು ಕಣೆ.

ರಂಗಲಕ್ಷ್ಮಮ್ಮ


ಹಿಂದೂಪುರ
6-9-1986

ಅಕ್ಕಾ,

ಒಂದು ತಿಂಗಳಲ್ಲಿ ಒಂದೇ ಒಂದು ರಾಂಗ್ ನಂಬರಿಲ್ಲ! ಮೊದಲ ದಿನ ನನ್ನ ನಾಲಿಗೆಯೇ ಹೊರಳಲಿಲ್ಲ. ಐವತ್ತೇಳಕ್ಕೆ "ಕಸಬರಿಗೆ ನೆಗಡಿ" ಅಂತ ಹಿಂದು ಮುಂದು ಮಾಡಿ ಬಾಯಿ ಕಚ್ಚಿಕೊಂಡೆ. ಈಗ ಸರಾಗ. ಎಷ್ಟು ಸರಾಗ ಅಂದರೆ ಮೊನ್ನೆ ಅಂಗಡಿಯಲ್ಲಿ ಎಷ್ಟು ತೆಂಗಿನಕಾಯಿ ಅಂತ ಕೇಳಿದರೆ "ಬೆನ್ನುನೋವು" ಅಂದೆ. ಅವನು ಪಾಪ ಕಾಯಿ ಮನೆಗೇ ಕಳಿಸುತ್ತೀನಮ್ಮ ಅಂದ.

ಗುರುವಾರದ ಕತೆ ನೆನಸಿಕೊಂಡು ಇನ್ನೂ ನಗುತ್ತಿದ್ದೇನೆ. ನನಗೆ ನಿಜವಾಗಲೂ ಶೀತವಾಗಿ ದನಿ ಕಟ್ಟಿತ್ತು. ನಿನಗೆ ಅದು ಹೇಗೋ ತಿಳಿದು "ನೆಗಡಿನಾ?" ಅಂದೆ. ನಾನು ನಂಬರು ಅಂದುಕೊಂಡು "ಅಲ್ಲ, ಬಟ್ಟೆ ಒಗೆತ" ಅಂದೆ. "ನೆಗಡಿ ಇಟ್ಕೊಂಡು ಬಟ್ಟೆ ಯಾಕ್ ಒಗೀತೀಯಾ?" ಅಂತ ನೀನು ಬೈದೆಯಲ್ಲ!

ಮಳೆ ಚೆನ್ನಾಗಿದೆ. ಮಗ್ಗದ ಗುಂಡಿಗೆ ತೇವ ಬಂದು ಯಜಮಾನರು ಎರಡು ದಿನ ಮನೆಯಲ್ಲಿ ಸುಮ್ಮನೆ ಕೂತಿದ್ದರು. ಸುಮ್ಮನೆ ಕೂತವರಿಗೆ ಅತ್ತೆ ಸುಲಿಯಲು ಬೆಳ್ಳುಳ್ಳಿ ಕೊಟ್ಟರು. ಇವತ್ತು ಬೆಳಿಗ್ಗೆಯೇ ಗುಂಡಿ ಒಣಗಿದೆ ಅಂತ ಓಡಿದರು.

ಗಂಗಾ


ಹಿಂದೂಪುರ
20-10-1986

ಅಕ್ಕಾ,

ಹೆಚ್ಚು ಬರೆಯಲು ಬಿಡುವಿಲ್ಲ. ಇಲ್ಲಿ ಚಳಿ ಸುರುವಾಗಿದೆ. ಎಲ್ಲರೂ ಆರೋಗ್ಯ. ದೀಪಾವಳಿಗೆ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಬೇಕು, ಗೋಡೆಗೆ ಸುಣ್ಣ ಆಗಬೇಕು. ಆಫೀಸಿನಲ್ಲಿ ವಿಶೇಷ ಏನೂ ಇಲ್ಲ. ನೀನು ಮೊದಲಿನ ಹಾಗೇ ಕೆಲಸ ಮಾಡಿಕೊಂಡು ಹೋಗು, ಯಾವುದಕ್ಕೂ ಯೋಚನೆ ಮಾಡಬೇಡ.

ಗಂಗಾ


ಕಲ್ಯಾಣದುರ್ಗ
5-11-1986

ಗಂಗಾ,

ವಿಶೇಷ ಏನೂ ಇಲ್ಲವಾ? ನಿನ್ನ ಕಾಗದದಲ್ಲಿ ಹವಾಮಾನ, ಆರೋಗ್ಯ, ಮನೆಗೆಲಸ ಮೂರೂ ಇತ್ತು, ನಿಜ ಒಂದು ಮಾತ್ರ ಇರಲಿಲ್ಲ.

ಹಬ್ಬದ ಮಾರನೇ ದಿನ ಲೈನ್‌ಮ್ಯಾನ್ ದೊಡ್ಡಬಸಪ್ಪ ನಿಮ್ಮ ಕಡೆಯಿಂದ ಬಂದ. ಟೀ ಕುಡಿಯುತ್ತಾ, "ನಿಮ್ ಫ್ರೆಂಡಿಗೆ ಮೆಮೊ ಕೊಟ್ಟವ್ರೆ ಕಣಮ್ಮ. ಕೆಂಪು ಶಾಯಿ. ಲೈನಲ್ಲಿ ನೆಗಡಿ, ಬಿಸಿಲು, ಸಾರು ಅಂತ ಎಂಟು ದಿನ ಹರಟೆ ಒಡುದ್ಲಂತೆ. ದೂರಕ್ಕೆ ಟ್ರಾನ್ಸ್‌ಫರ್ ಮಾಡ್ತಾರಂತೆ" ಅಂದ.

ನೀನು ಏನು ಉತ್ತರ ಕೊಟ್ಟೆ ಅಂತಲೂ ಅವನೇ ಹೇಳಿದ. "ಹೌದು ಸಾರ್, ಹರಟೆಯೇ ಹೊಡೆದೆ, ತಪ್ಪಾಯಿತು" ಅಂದೆಯಂತೆ. ಯಾಕೆ ಅಂತ ನನಗೆ ಗೊತ್ತಿಲ್ಲವೇನೇ? ಅದು ನಂಬರು ಅಂದರೆ, ನಂಬರು ನೆಟ್ಟಗೆ ಹೇಳಲು ಏನು ರೋಗ ಅಂತ ಕೇಳುತ್ತಾರೆ. ಆಗ ನನ್ನ ಕಿವಿ ಹೊರಗೆ ಬರುತ್ತದೆ. ಅದಕ್ಕೆ ನೀನು ಗಂಡ, ಅತ್ತೆ, ಮಗ್ಗ ಎಲ್ಲ ಬಿಟ್ಟು ಯಾವುದೋ ಊರಿಗೆ ಹೋಗಲು ತಯಾರಾಗಿದ್ದೀಯ. ನನ್ನ ಮುಖವನ್ನೇ ನೋಡಿಲ್ಲ ನೀನು!

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಅರ್ಜಿ ಬರೆದೆ. ಸಿಡಿಲು, ಕಿವಿ, ಡಾಕ್ಟರ ಚೀಟಿ, ಹತ್ತು ಮಾತಿನ ಪಟ್ಟಿ, ಎಲ್ಲ ಬರೆದೆ. ಒಂದು ಪ್ರತಿ ನಿಮ್ಮ ಅಮರೇಶಪ್ಪನವರಿಗೆ, ಒಂದು ಅನಂತಪುರದ ಆಫೀಸಿಗೆ, ಇವತ್ತೇ ರಿಜಿಸ್ಟರು ಮಾಡಿಸಿದ್ದೇನೆ. ಬಯ್ಯಬೇಡ. ಬೈದರೂ ನನಗೆ ಅರ್ಧ ಕೇಳಿಸುವುದಿಲ್ಲ.

ರಂಗಲಕ್ಷ್ಮಮ್ಮ


ಹಿಂದೂಪುರ
14-11-1986

ಅಕ್ಕಾ,

ಬಯ್ಯದೇ ಇನ್ನೇನು ಮಾಡಲಿ? ಯಾರು ಕೇಳಿದರು ನಿನ್ನನ್ನು ಅರ್ಜಿ ಬರಿ ಅಂತ? ನಾನು ಎಲ್ಲಿಗೆ ಹೋದರೂ ಅಲ್ಲಿ ಒಂದು ಬೋರ್ಡು, ಒಂದು ಕುರ್ಚಿ ಇರುತ್ತಿತ್ತು. ನಿನಗೆ ಆ ಕುರ್ಚಿ ಒಂದೇ ಇದ್ದದ್ದು. ನೀನೇ ಕೈಯಾರ ದೂಡಿಬಿಟ್ಟೆಯಲ್ಲ!

ಇಲ್ಲಿ ನಡೆದದ್ದು ಕೇಳು. ಸೋಮವಾರ ನಿನ್ನ ರಿಜಿಸ್ಟರು ಬಂತು. ಅಮರೇಶಪ್ಪ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಡ್ರಾಯರಿನಿಂದ ತಮ್ಮ ನೋಟ್ ಪುಸ್ತಕ ತೆಗೆದರು. ಎಂಟು ದಿನ ನನ್ನ ಬೆನ್ನ ಹಿಂದೆ ಕೂತು ನನ್ನ ಮಾತೆಲ್ಲ ಗಂಟೆ ನಿಮಿಷ ಸಮೇತ ಬರೆದುಕೊಂಡಿದ್ದರು. ಪ್ರತಿ ಟ್ರಂಕ್ ಕಾಲಿಗೂ ನಾವು ಬರೆದಿಡುತ್ತೀವಲ್ಲ ಟಿಕೆಟು, ಆ ಎಂಟು ದಿನದ ಕಂತೆ ತರಿಸಿದರು. ಮೇಜಿನ ಮೇಲೆ ಒಂದು ಕಡೆ ನಿನ್ನ ಪಟ್ಟಿ, ಒಂದು ಕಡೆ ಟಿಕೆಟು, ಮಧ್ಯೆ ನೋಟ್ ಪುಸ್ತಕ. ಬೆರಳಿಟ್ಟು ಒಂದೊಂದೇ ನೋಡುತ್ತಾ ಹೋದರು. "ನೆಗಡಿ ಕಸಬರಿಗೆ, ಫಿಫ್ಟಿ ಸೆವೆನ್, ಕರೆಕ್ಟು. ಬೆನ್ನುನೋವು ಬಿಂದಿಗೆ, ಥರ್ಟಿ, ಕರೆಕ್ಟು. ಉದ್ದಿನವಡೆ ಸುಡುಬಿಸಿಲು, ಏಯ್ಟಿ ನೈನ್..." ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಕೊನೆಗೆ ನನ್ನ ಸೀಟಿನ ಹತ್ತಿರ ಬಂದು ನಿಂತರು. "ಅರವತ್ಮೂರು ಟ್ರಂಕ್ ಕಾಲ್. ಒಂದೂ ರಾಂಗಿಲ್ಲ. ನಾನು ಸರ್ವೀಸಿಗೆ ಸೇರಿ ಇಪ್ಪತ್ತಾರು ವರ್ಷ ಆಯ್ತಮ್ಮ, ಒಂದೂ ರಾಂಗಿಲ್ಲದ ವಾರ ನಾನು ನೋಡಿಲ್ಲ" ಅಂದರು. ಆಮೇಲೆ "ಮೊದಲೇ ಯಾಕ್ ಏಳ್ಳಿಲ್ಲ?" ಅಂದರು. ಅವರ ಬಾಯಲ್ಲೂ ಏಳು ಬಂತು ಅಕ್ಕ! ಅಲ್ಲಿಯವರೆಗೆ ಅವರು ನಮ್ಮ ಕಡೆಯವರು ಅಂತ ನನಗೆ ಗೊತ್ತೇ ಇರಲಿಲ್ಲ. ಮನೆ ಚಿಲಮತ್ತೂರಿನ ಹತ್ತಿರವಂತೆ.

ನನ್ನ ಮೆಮೊ ಹೋಯಿತು. ಆದರೆ ಅನಂತಪುರಕ್ಕೆ ಹೋದ ನಿನ್ನ ಅರ್ಜಿ ವಾಪಸು ಬರುವುದಿಲ್ಲವಂತೆ. ಅಮರೇಶಪ್ಪ ಫೋನು ಮಾಡಿ ಕೇಳಿದರು. ಮೆಡಿಕಲ್ಲಿಗೆ ಹೋಗಲೇಬೇಕಂತೆ. ಅವರೂ ಒಂದು ಕಾಗದ ಬರೆದು ಕಳಿಸಿದ್ದಾರೆ, ಏನು ಬರೆದರು ಅಂತ ತೋರಿಸಲಿಲ್ಲ.

ದೇವರು ದೊಡ್ಡವನು ಅಂತ ಬರೆಯಲು ಹೋದೆ, ಸಿಟ್ಟು ಬಂದು ಬಿಟ್ಟೆ.

ನಿನ್ನ
ಗಂಗಾ


ಕಲ್ಯಾಣದುರ್ಗ
21-12-1986

ಗಂಗಾ,

ಮೆಡಿಕಲ್ ಮುಗಿಯಿತು. ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದರೆ ಕೈ ಎತ್ತಿ ಅಂದರು. ನಾನು ಮೊದಲ ಸಲ ಕೈ ಎತ್ತುವ ಹೊತ್ತಿಗೆ ಅವರು ಅರ್ಧ ಪರೀಕ್ಷೆ ಮುಗಿಸಿದ್ದರಂತೆ. ಬೋರ್ಡಿನ ಕೆಲಸಕ್ಕೆ ಆಗುವುದಿಲ್ಲ ಅಂತ ಬರೆದರು. ಡಿಸೆಂಬರ್ ಮೂವತ್ತೊಂದು ಕೊನೆಯ ದಿನ.

ಅಳಬೇಡ, ಪೂರ್ತಿ ಓದು. ನೌಕರಿ ಹೋಗಲಿಲ್ಲ. ಇದೇ ಆಫೀಸಿನಲ್ಲಿ ಕಂಪ್ಲೇಂಟ್ ಕೌಂಟರಿಗೆ ಹಾಕಿದ್ದಾರೆ. ಫೋನು ಕೆಟ್ಟವರು ನೇರವಾಗಿ ಬಂದು ದೂರು ಕೊಡುತ್ತಾರಲ್ಲ, ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು. ನಿಮ್ಮ ಅಮರೇಶಪ್ಪನವರ ಕಾಗದದಲ್ಲಿ ಇದ್ದದ್ದು ಅದೇ ಸಲಹೆಯಂತೆ. ನೆನ್ನೆ ಹೋಗಿ ಒಂದು ಗಂಟೆ ಕೂತು ನೋಡಿದೆ. ಗಂಗಾ, ಆ ಕೌಂಟರಿಗೆ ಬರುವವರು ಒಬ್ಬರಾದರೂ ಮೆಲ್ಲಗೆ ಮಾತಾಡುವುದಿಲ್ಲ! ಬಾಗಿಲಿಂದಲೇ ಕೂಗುತ್ತಾ ಬರುತ್ತಾರೆ. ಕದಿರಪ್ಪನವರು ಬಂದು ಕಿಟಕಿಯ ಗಾಜು ನಡುಗುವ ಹಾಗೆ ಕಿರುಚಿದರು, ನನಗೆ ಪ್ರತಿ ಅಕ್ಷರವೂ ಕೇಳಿಸಿತು. ಎಷ್ಟು ಸಂತೋಷವಾಯಿತು ಅಂದರೆ ನಕ್ಕುಬಿಟ್ಟೆ. ಅವರು ತಬ್ಬಿಬ್ಬಾಗಿ ಸುಮ್ಮನಾದರು. ಇಡೀ ಇಲಾಖೆಯಲ್ಲಿ ಕಿವುಡಿಗೆ ಹೇಳಿ ಮಾಡಿಸಿದ ಕುರ್ಚಿ ಇದೊಂದೇ. ಎತ್ತರವೂ ಸರಿಯಾಗಿದೆ, ಡೈರೆಕ್ಟರಿ ಬೇಕಿಲ್ಲ.

ನಮ್ಮ ಮನೆಯವರು ಕೇಳಿ, "ಸರೋಯ್ತು ಬುಡು, ಇನ್ಮೇಲೆ ಮನೇಲೂ ಆಫೀಸಲ್ಲೂ ಒಂದೇ ಸಂಗೀತ" ಅಂದರು.

ಬೋರ್ಡು ಬಿಡುವುದಕ್ಕೆ ದುಃಖ ಇಲ್ಲ ಅಂದರೆ ಸುಳ್ಳು. ದುಃಖ ಇದೆ. ಇನ್ನು ಹಿಂದೂಪುರದ ಲೈನು ಎತ್ತುವವರು ಬೇರೆ ಯಾರೋ. ನಿನ್ನ ದನಿ ಅರ್ಧವಾದರೂ ದಿನಾ ಸಿಗುತ್ತಿತ್ತು. ಅದೊಂದು ಮಾತ್ರ ತಡೆದುಕೊಳ್ಳಲು ಆಗುತ್ತಿಲ್ಲ.

ಅವರೆಕಾಯಿ ಬಂದಿದೆ. ಚಳಿಗೆ ಹಿಮ್ಮಡಿ ಒಡೆದಿದೆ. ಹರಳೆಣ್ಣೆ ಹಚ್ಚುತ್ತಿದ್ದೇನೆ.

ರಂಗಲಕ್ಷ್ಮಮ್ಮ


ಕಲ್ಯಾಣದುರ್ಗ
2-1-1987

ಗಂಗಾ,

ಏನು ಹುಡುಗಿಯೇ ನೀನು!

ಮೂವತ್ತೊಂದನೇ ತಾರೀಖು ಮೂರೂವರೆಗೆ ನಿಮ್ಮ ಲೈನಿನ ದೀಪ ಹತ್ತಿತು. ನಾನು ಎತ್ತಿದೆ. ಒಂದು ಗಂಡಸು ದನಿ, ಗುಡುಗಿನ ಹಾಗೆ, "ಹಲೋ ಕಲ್ಯಾಣದುರ್ಗ! ಪಿಪಿ ಕಾಲ್! ಪರ್ಟಿಕ್ಯುಲರ್ ಪರ್ಸನ್ ರಂಗಲಕ್ಷ್ಮಮ್ಮ!" ನಿಮ್ಮ ಅಮರೇಶಪ್ಪ! ಹೆಡ್‌ಸೆಟ್ಟು ಹಾಕಿಕೊಂಡು ಬೋರ್ಡಿನ ಮುಂದೆ ಕೂತಿದ್ದಾರೆ! ಹದಿನಾಲ್ಕು ವರ್ಷದಲ್ಲಿ ಸಾವಿರಾರು ಜನರನ್ನು ಕೂಗಿ ಕರೆದು ಪಿಪಿ ಕಾಲು ಕೊಟ್ಟಿದ್ದೇನೆ, ನನ್ನ ಹೆಸರಿಗೆ ಒಂದೂ ಬಂದಿರಲಿಲ್ಲ. "ಯಾರು ಮಾಡ್ತಿರೋದು?" ಅಂತ ಕೇಳಿದೆ. "ಪಬ್ಲಿಕ್! ಚಾರ್ಜ್ ಕಟ್ಟವ್ರೆ! ಏನ್ ಬೇಕಾದ್ರೂ ಮಾತಾಡ್ಬೋದು, ಮೂರು ನಿಮಿಷ!" ಅಂದರು. ಆಮೇಲೆ ನೀನು.

ಇಷ್ಟು ಖರ್ಚು ಮಾಡಿ ಕೇಳಿದ್ದೇನು? "ಏನ್ ಸಾರು ಮಾಡಿದ್ದೆ ಅಕ್ಕ?" ನಾನು ಅವರೆಕಾಳು ಅಂದೆ. ಚಳಿ ಹೇಗಿದೆ ಅಂತ ನೀನು ಕೇಳಿದೆ. ಹಿಮ್ಮಡಿ ತೋರಿಸು ಅಂದ ಹಾಗೆ ಕೇಳಿಸಿತು, ಫೋನಿನಲ್ಲಿ ಹೇಗೆ ತೋರಿಸಲಿ? ನಿಮ್ಮತ್ತೆ ಕಜ್ಜಾಯ, ಮಗ್ಗದ ದಾರ, ಏನೋ ಒಂದು ಬೆಕ್ಕಿನ ವಿಷಯ. ಅರ್ಧ ಸಿಕ್ಕಿತು, ಅರ್ಧ ಹೋಯಿತು. ನಾನು ಹೂಂ ಹೂಂ ಅಂತಲೇ ಇದ್ದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುವೂ ಬರುತ್ತಿತ್ತು.

ಕೊನೆಯಲ್ಲಿ ನೀನು ಒಂದೇ ಮಾತನ್ನು ಎರಡು ಸಲ ಹೇಳಿದೆ. ಅದು ಮಾತ್ರ ನನಗೆ ಒಂಚೂರೂ ಸಿಗಲಿಲ್ಲ. ಅಂದಾಜಿನ ಮೇಲೆ ಏನೋ ಉತ್ತರ ಕೊಟ್ಟೆ. ಮತ್ತೆ ಹೇಳು ಅನ್ನುವಷ್ಟರಲ್ಲಿ ಟೈಮಾಯಿತು. ನಾನೇ ಪ್ಲಗ್ ಕಿತ್ತೆ. ಬೋರ್ಡಿನಲ್ಲಿ ನನ್ನ ಕೊನೆಯ ಕಾಲ್ ಅದು.

ಏನು ಹೇಳಿದೆ ಅಂತ ಬರೆದು ಕಳಿಸು.

ನಿನ್ನ ಅಕ್ಕ
ರಂಗಲಕ್ಷ್ಮಮ್ಮ


ಹಿಂದೂಪುರ
7-1-1987

ಅಕ್ಕಾ,

"ಸಂಕ್ರಾಂತಿಗೆ ನಿಮ್ಮೂರಿಗೆ ಬತ್ತೀನಿ, ಮನೇಲಿ ಇರ್ತೀಯಾ?" ಅಂದೆ. ನೀನು "ಹೂಂ ಕಣಮ್ಮ, ಬಟ್ಟೆ ಆಗ್ಲೇ ಒಣಗಾಕ್ಬುಟ್ಟೆ" ಅಂದೆ.

ಹದಿಮೂರನೇ ತಾರೀಖು ಮಂಗಳವಾರ ಬೆಳಗಿನ ಬಸ್ಸು. ಹನ್ನೊಂದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರು. ಇಳಿದು ದೂರದಿಂದ ಕೂಗುವುದಿಲ್ಲ. ಹತ್ತಿರ ಬಂದೇ ಮಾತಾಡುತ್ತೇನೆ.

ಗಂಗಾ